ಅಗತ್ಯದ ಒಪ್ಪಿಗೆ

ಸ್ಟ್ಯಾಂಪ್ ಪ್ಯಾಡಿನ ಶಾಯಿಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ತಾಲ್ಲೂಕು ಕಚೇರಿಯಲ್ಲಿ ಸರದಿ ನಿಂತವರಿಗೆಲ್ಲ ಅದು ಕಚೇರಿಯ ವಾಸನೆ. ನನಗೆ ಮಾತ್ರ ಮನೆಯ ವಾಸನೆ. ಇವತ್ತು ಬೆಳಿಗ್ಗೆ ಕಣ್ಣಿನ ಆಸ್ಪತ್ರೆಯವರು ಕೊಟ್ಟಿದ್ದ ಕಾಗದ ಹುಡುಕುತ್ತ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದೆ. ಸಿಕ್ಕಿದ್ದು ನೀಲಿ ರಟ್ಟಿನ ಫೈಲು, ಅದರ ಮೇಲೆ ತಗಡಿನ ಸ್ಟ್ಯಾಂಪ್ ಪ್ಯಾಡು. ಮುಚ್ಚಳ ಸಡಿಲವಾಗಿತ್ತು. ವಾಸನೆ ಬಂತು. ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ಫೈಲಿನ ಮೇಲೆ ನಮ್ಮ ಮನೆಯವರ ಅಕ್ಷರ. ಏನು ಬರೆದಿದ್ದಾರೆಂದು ಗೊತ್ತು, ಓದಲು ಆಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. "ತಡ ಮಾಡಬೇಡಿ ಅಮ್ಮ, ಬಲಗಣ್ಣಿನ ಪೊರೆ ಬಲಿತಿದೆ" ಎಂದು ಚಿತ್ರದುರ್ಗದ ಡಾಕ್ಟರು ಹೇಳಿ ಆರು ತಿಂಗಳಾಯಿತು. ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆ ಬಿಸಿಲು ಅಂದೆ, ಧೂಳು ಅಂದೆ, ಚಳ್ಳಕೆರೆಯಿಂದ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಅಂದೆ. ನಿಮಗೆ ನಿಜ ಹೇಳುತ್ತೇನೆ, ನಗಬಾರದು. ನನ್ನ ಚೀಟಿಗೆ ಸಹಿ ಹಾಕುವವರಿರಲಿಲ್ಲ.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಮಾತು.

ನಮ್ಮ ಮನೆಯವರು ದೊಡ್ಡಉಳ್ಳಾರ್ತಿಯ ಕುರಿ ಕಾಯುವ ಮನೆತನದವರು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಉತ್ತರದ ಒಂದು ದೂರದ ಊರಿನಲ್ಲಿ ಸೈನ್ಯಕ್ಕೆ ಆಯುಧ ಕೊಳ್ಳುವ ಕಚೇರಿಗೆ ಗುಮಾಸ್ತರಾಗಿ ಸೇರಿದ್ದರು. ಫಿರಂಗಿ, ರೇಡಾರು, ಆಕಾಶದಲ್ಲಿ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಕ್ಷಿಪಣಿ, ಎಲ್ಲಕ್ಕೂ ಸಂಬಂಧಪಟ್ಟ ಕಾಗದ ಅವರ ಟೈಪ್‌ರೈಟರಿನ ಮೇಲೆ ಹಾದುಹೋಗುತ್ತಿತ್ತು. ವಸ್ತು ಒಂದನ್ನೂ ಕಣ್ಣಾರೆ ಕಂಡವರಲ್ಲ. "ನಾನು ದೀಪಾವಳೀಲಿ ಪಟಾಕಿನೂ ಹೊಡ್ದೋನಲ್ಲ ಕಣೇ. ಗುಟ್ಟಿನ ಕಾಗದ ನನ್ನ ಮೇಜಿಗೆ ಬರಲ್ಲ. ಬರೀ ಮಾತು ಬರ್ತವೆ" ಎನ್ನುತ್ತಿದ್ದರು. ಆ ಮಾತುಗಳನ್ನೇ ಸಂಜೆ ಮನೆಗೆ ತರುತ್ತಿದ್ದರು. ಬೇರೆಯವರ ಗಂಡಂದಿರು ಮೈಸೂರುಪಾಕು ತರುತ್ತಿದ್ದರೇನೋ.

ನಾನು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದವಳು. ಏಳನೇ ಕ್ಲಾಸಿನವರೆಗೆ ಓದಿದ್ದೆ. ನಮ್ಮವ್ವ ಆಂಧ್ರದ ಕಡೆಯಿಂದ ಬಂದವಳು. ಕೋಪಕ್ಕೂ ಮುದ್ದಿಗೂ ಅವಳಿಗೆ ತೆಲುಗೇ ಬರುತ್ತಿತ್ತು. ಸಂತೆಗೆ ಹೊರಟ ಅಪ್ಪ ಬಾಗಿಲಲ್ಲಿ ನಿಂತು "ನಿಂಗೇನಾರ ಬೇಕೇನೇ?" ಎಂದರೆ ಅವ್ವ ತಲೆ ಎತ್ತದೆ "ಏಮೀ ವದ್ದು" ಅನ್ನುವಳು. ಏನೂ ಬೇಡ. ಅಜ್ಜಿಯೂ ಹಾಗೇ, ಚಿಕ್ಕಮ್ಮನೂ ಹಾಗೇ. ಆ ಉತ್ತರ ಕಲಿತುಕೊಂಡೇ ನಾನು ಮದುವೆಯಾಗಿ ಆ ಚಳಿಯ ಊರಿಗೆ ಹೋದೆ.

ಹೋದ ಮೊದಲ ಚಳಿಗಾಲ. ಬೆಳಿಗ್ಗೆ ನಲ್ಲಿ ಬಿಟ್ಟರೆ ನೀರಲ್ಲ, ಸೂಜಿ. ಪಾತ್ರೆ ತೊಳೆದು ತೊಳೆದು ಬೆರಳೆಲ್ಲ ಕೆಂಪಾಗಿ ಬಾತಿದ್ದವು. ಇವರು ನೋಡಿ, "ಏನ್ ಬೇಕು ಹೇಳು" ಅಂದರು. "ಏನೂ ಬೇಡ" ಅಂದೆ. ಒಂದು ವಾರ ಬಿಟ್ಟು ಮತ್ತೆ ಕೇಳಿದರು. ಮತ್ತೆ ಏನೂ ಬೇಡ. ಆಗ ಇವರು ಒಂದು ಬಿಳಿ ಹಾಳೆ ತಂದು ನನ್ನ ಮುಂದೆ ಇಟ್ಟರು.

"ನೋಡು, ನಮ್ಮ ಆಫೀಸಲ್ಲಿ ಒಂದು ಗುಂಡು ಕೊಳ್ಳೋಕೂ ಮೊದಲು ಒಂದು ಹೆಜ್ಜೆ ಐತೆ. ಆಕ್ಸೆಪ್ಟೆನ್ಸ್ ಆಫ್ ನೆಸೆಸಿಟಿ ಅಂತಾರೆ. ಅಗತ್ಯದ ಒಪ್ಪಿಗೆ. ಇಂಥೋರಿಗೆ ಇಂಥದ್ದು ಬೇಕಾಗೈತೆ, ಹೌದು, ಅಂತ ಮೇಲಿನೋರು ಒಪ್ಪಬೇಕು. ಅದಾಗೋವರೆಗೂ ಬೆಲೆ ಕೇಳೋಹಂಗಿಲ್ಲ, ಅಂಗಡಿ ನೋಡೋಹಂಗಿಲ್ಲ. ಏನೂ ಬೇಡ ಅಂದ್ರೆ ಫೈಲೇ ತೆರೆಯಲ್ಲ. ಬರಿ."

ನಾನು "ಸ್ವೆಟರ್" ಎಂದು ಬರೆದೆ. ಹಾಳೆ ವಾಪಸ್ ಬಂತು.

"ವಸ್ತುವಿನ ಹೆಸರು ಬರೀಬಾರ್ದು. ಏನಾಗಬೇಕು ಅಂತ ಬರಿ."

ಸಿಟ್ಟು ಬಂತು. ಒಂದು ಸ್ವೆಟರಿಗೆ ಇಷ್ಟು ರಾಮಾಯಣವೇ ಎಂದುಕೊಂಡು, ಸಿಟ್ಟಿನಲ್ಲೇ ಬರೆದೆ: "ಬೆಳಿಗ್ಗೆ ನಲ್ಲಿ ನೀರು ಮುಟ್ಟಿದಾಗ ಅಳು ಬರಬಾರದು." ಅವರು ಓದಿದರು. ಕೆಳಗೆ "ಅಗತ್ಯ ಒಪ್ಪಲಾಗಿದೆ" ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿದರು. ಮಾರನೆಯ ಸಂಜೆ ಮನೆಗೆ ಬಂದಿದ್ದು ಸ್ವೆಟರಲ್ಲ, ನೀರು ಕಾಯಿಸುವ ಕರೆಂಟಿನ ಕಾಯಿಲ್. ಸ್ವೆಟರ್ ಹಾಕಿಕೊಂಡು ಪಾತ್ರೆ ತೊಳೆದರೂ ಕೈ ಅಳುವುದು ತಪ್ಪುತ್ತಿತ್ತೇ? ಹೆಸರು ಬರೆಯಬಾರದು ಎಂಬುದರ ಅರ್ಥ ಅವತ್ತು ಬಿಸಿನೀರಿನಲ್ಲಿ ಕೈ ಅದ್ದಿದಾಗ ತಿಳಿಯಿತು.

ನಮ್ಮ ಮೂರು ತಲೆಮಾರಿನಲ್ಲಿ ಒಬ್ಬ ಹೆಂಗಸಿಗೆ ಏನೋ ಬೇಕಾಗಿದೆ ಎಂದು ಯಾರೂ ಬರೆದಿಟ್ಟದ್ದಿಲ್ಲ. ನನ್ನ ಅಳುವಿಗೆ ತಾರೀಕು ಹಾಕಿ ಸಹಿ ಮಾಡಿದವರು ಇವರೊಬ್ಬರೇ. ಇದನ್ನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಅಲ್ಲಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಸಹಿಯಾದ ಚೀಟಿಗೆ ಈ ನೀಲಿ ಫೈಲು, ತಾರೀಕಿನ ಮುದ್ರೆಗೆ ಈ ಸ್ಟ್ಯಾಂಪ್ ಪ್ಯಾಡು. ಅಕ್ಕಿ, ಬೇಳೆ, ಸೋಪಿಗೆ ಚೀಟಿ ಬೇಡ. ಉಳಿದದ್ದಕ್ಕೆಲ್ಲ ಬೇಕು. ಚೀಟಿಯಲ್ಲಿ ಎರಡು ಭಾಗ: ಮೇಲೆ "ಆಗಲೇಬೇಕು", ಕೆಳಗೆ "ಆದರೆ ಒಳ್ಳೇದು". ಅವರ ಕಚೇರಿಯಲ್ಲೂ ಹಾಗೇ ವಿಂಗಡಿಸುತ್ತಿದ್ದರಂತೆ. ಮತ್ತೊಂದು ಕಟ್ಟುನಿಟ್ಟಿನ ನಿಯಮ, ತನ್ನ ಚೀಟಿಗೆ ತಾನೇ ಸಹಿ ಹಾಕುವಂತಿಲ್ಲ. ಅವರದಕ್ಕೆ ನಾನು, ನನ್ನದಕ್ಕೆ ಅವರು. ಅವರು ಬರೆದ "ಸಂಜೆ ಕಾಲು ಚಾಚಲು ಏನಾದರೂ" ಎಂಬ ಚೀಟಿಯನ್ನು ನಾನು ಎರಡು ಸಲ ವಾಪಸ್ ಕಳಿಸಿದ್ದೇನೆ. ಅಧಿಕಾರ ಕೈಗೆ ಬಂದರೆ ಮನುಷ್ಯ ಹೀಗೇ.

ನಿವೃತ್ತರಾಗಿ ಚಳ್ಳಕೆರೆಗೆ ಬಂದೆವು. ನಮಗೆ ಮಕ್ಕಳಿಲ್ಲ. ಇಬ್ಬರೇ, ಈ ಫೈಲು, ಕಡಲೆಎಣ್ಣೆ ಮಿಲ್ಲಿನ ವಾಸನೆ ಬರುವ ಬೀದಿಯಲ್ಲಿ ಎರಡು ಕೋಣೆಯ ಮನೆ. ಹಿಟ್ಟು ರುಬ್ಬುವ ಗ್ರೈಂಡರಿನ ಕಥೆ ಆಗಿನದು. ಎರಡು ವರ್ಷ ಚೀಟಿ ತಿದ್ದಿದೆವು. ಎಷ್ಟು ಹಿಟ್ಟು, ಎಷ್ಟು ನುಣ್ಣಗೆ, ಸದ್ದು ಎಷ್ಟಿರಬೇಕು, ಬಗ್ಗದೆ ಹಿಟ್ಟು ತೆಗೆಯಲು ಬರಬೇಕು. ಆಮೇಲೆ ಪರೀಕ್ಷೆ. ಕೊಳ್ಳುತ್ತೇವೆಂದು ಮಾತು ಕೊಡದೆ, ಕಾಸೂ ಕೊಡದೆ, ಮಾರುವವನ ಖರ್ಚಿನಲ್ಲೇ ಪರೀಕ್ಷೆ ಮಾಡುವುದು ಆಯುಧದ ವ್ಯವಹಾರದಲ್ಲಿ ಇದೆಯಂತೆ. ಇವರು ಅದನ್ನು ಪೇಟೆಯ ಬಾಷಾ ಸಾಹೇಬರ ಅಂಗಡಿಯಲ್ಲಿ ಜಾರಿಗೆ ತಂದರು. ನಮ್ಮ ಮನೆಯ ನೆನೆಸಿದ ಉದ್ದು ಅಂಗಡಿಗೆ ಹೋಯಿತು. ನಾಲ್ಕು ಗ್ರೈಂಡರಿನಲ್ಲಿ ರುಬ್ಬಿಸಿ ನೋಡಿದರು.

"ಅರೆ ಸಾಬ್, ನಮ್ಮ ಹುಡುಗೀಗೆ ಗಂಡು ನೋಡಿದ್ದು ಎರಡು ದಿನ. ನೀವು ಗ್ರೈಂಡರ್‌ಗೆ ಎಂಟು ದಿನ!" ಎಂದರು ಬಾಷಾ ಸಾಹೇಬರು.

"ಗಂಡನ್ನ ಬೇಕಾದ್ರೆ ಬೈಕೊಂಡು ಇಟ್ಕೋಬಹುದು ಸಾಹೇಬ್ರೇ. ಇದನ್ನ ಬೈದ್ರೆ ಕೇಳಲ್ಲ" ಎಂದರು ಇವರು.

ಎಲ್ಲದರಲ್ಲೂ ಪಾಸಾದ ಗ್ರೈಂಡರು ಆಟೋದಲ್ಲಿ ಮನೆಗೆ ಬಂತು. ಅಡುಗೆಮನೆಯ ಬಾಗಿಲಲ್ಲಿ ತೂರಲಿಲ್ಲ. ಎರಡು ವರ್ಷ ಬರೆದ ಚೀಟಿಯಲ್ಲಿ ಬಾಗಿಲಿನ ಅಗಲ ಬರೆದಿರಲಿಲ್ಲ! ಅದು ಇಂದಿಗೂ ಪಡಸಾಲೆಯಲ್ಲೇ ಇದೆ. ಬಂದವರ ಎದುರಿಗೇ ಹಿಟ್ಟು ರುಬ್ಬುತ್ತೇನೆ.

ಗ್ರೈಂಡರನ್ನು ನೋಡಿ ಅತಿ ಹೆಚ್ಚು ನಕ್ಕವಳು ಬೋರಕ್ಕ, ಇವರ ಅಕ್ಕ. ಎಪ್ಪತ್ತು ದಾಟಿದೆ. ಗಂಡ ಹೋಗಿ ಬಹಳ ವರ್ಷವಾಯಿತು. ದೊಡ್ಡಉಳ್ಳಾರ್ತಿಯಲ್ಲಿ ಈಗಲೂ ಇಪ್ಪತ್ತು ಕುರಿ ಇಟ್ಟುಕೊಂಡಿದ್ದಾಳೆ. ಅಕ್ಷರ ಬಾರದು. "ಲೇ ತಮ್ಮ, ದೇಶಕ್ಕೆಲ್ಲ ಬಾಂಬು ಕೊಂಡೋನು ಮನೆ ಬಾಗ್ಲು ಅಳೀಲಿಲ್ವೇನೋ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಿದ್ದಳು.

ನಾವು ಅವಳ ಹಟ್ಟಿಗೆ ಹೋದಾಗೆಲ್ಲ ಅಕ್ಕ ತಮ್ಮ ಬೇಲಿ ಪಕ್ಕದ ಬಂಡೆಯ ಮೇಲೆ ಕೂರುತ್ತಿದ್ದರು. ಆಚೆಗೆ ವರವು ಕಾವಲು. ಒಂದು ಕಾಲಕ್ಕೆ ಅವರಿಬ್ಬರೂ ಕುರಿ ಬಿಟ್ಟುಕೊಂಡು ಓಡಾಡಿದ ಹುಲ್ಲುಗಾವಲು. ಈಗ ಚಾಲಕನಿಲ್ಲದ ವಿಮಾನಗಳ ಪರೀಕ್ಷೆಯ ಜಾಗವಾಗಿ ಉದ್ದಕ್ಕೂ ಬೇಲಿ. ಒಂದು ದಿನ ಒಳಗಿನಿಂದ ಏನೋ ಗುಂಯ್ ಎಂದು ಮೇಲೆದ್ದು ಹೋಯಿತು.

"ಕ್ಷಿಪಣಿ ಬಂದ್ರೆ ಹೆಂಗೆ ತಡೀತಾರೋ?" ಎಂದಳು ಬೋರಕ್ಕ.

"ಪದರ ಪದರವಾಗಿ ಅಕ್ಕ. ಎತ್ತರದಲ್ಲಿ ಒಂದು ಪದರ ತಡೀತೈತೆ. ಅದನ್ನ ತಪ್ಪಿಸ್ಕೊಂಡು ಬಂದಿದ್ದನ್ನ ಕೆಳಗಿನ ಪದರ ಹೊಡೀತೈತೆ. ಅದ್ರಲ್ಲೂ ಒಂದು ಕ್ರಮ ಐತೆ. ಹೊಡಿ, ನೋಡು, ಹೊಡಿ ಅಂತಾರೆ. ಒಂದು ಹಾರಿಸ್ಬೇಕು, ತಗುಲ್ತೋ ಇಲ್ವೋ ನೋಡ್ಬೇಕು, ಆಮೇಲೆ ಇನ್ನೊಂದು."

"ಇದಕ್ಕೆ ಅಷ್ಟು ದೊಡ್ಡ ಆಫೀಸ್ ಬೇಕಾ? ತೋಳಕ್ಕೆ ಮೊದ್ಲು ಮುಳ್ಳು ಬೇಲಿ. ಬೇಲಿ ದಾಟಿದ್ರೆ ನಾಯಿ. ನಾಯಿ ತಪ್ಪಿಸಿದ್ರೆ ಕೋಲು ಹಿಡ್ಕೊಂಡು ನಾನು." ದನಿ ಇಳಿಸಿ ಕೇಳಿದಳು: "ಅದೇನೋ ಅಗತ್ಯ ಅಗತ್ಯ ಅಂತೀಯಲ್ಲ. ಈ ಬೇಲಿ ಹಾಕುವಾಗ, ನನ್ನ ಕುರಿ ಎಲ್ಲಿ ಮೇಯಬೇಕು ಅಂತ ಯಾರಾರ ಒಂದು ಚೀಟಿ ಬರೆದ್ರೇನೋ?"

ಬೇಲಿಗೂ ಇವರ ಕಚೇರಿಗೂ ಸಂಬಂಧವಿರಲಿಲ್ಲ. ಆದರೂ ಹಾಗೆ ಹೇಳಿ ಜಾರಿಕೊಳ್ಳಲಿಲ್ಲ. ಜೇಬಿನಿಂದ ಕಾಗದ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಏನೋ ಬರೆದರು. ಕೆಳಗೆ ಸಹಿ ಮಾಡಿದರು. ಅಕ್ಕನ ಕಿವಿಯ ಹತ್ತಿರ ಬಗ್ಗಿ ಓದಿ ಹೇಳಿದರು. ನಾನು ದೂರದಲ್ಲಿ ಮರಿಗೆ ನೀರು ಕುಡಿಸುತ್ತಿದ್ದೆ, ಕೇಳಿಸಲಿಲ್ಲ. ಬೋರಕ್ಕ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯೊಳಗೆ ಇಟ್ಟುಕೊಂಡಳು. ಅದರಿಂದ ಬೇಲಿ ಒಂದಂಗುಲವೂ ಸರಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಆಮೇಲೆ ಅವಳು ಬೇಲಿಯ ಮಾತು ತೆಗೆದು ತಮ್ಮನನ್ನು ಚುಚ್ಚಲಿಲ್ಲ.

ಮುಂದೆ ಇವರ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಮಂಚದ ಮೇಲೂ ಕಚೇರಿ ಬಿಡಲಿಲ್ಲ. "ಗೋಡೌನಲ್ಲಿ ಹಳೇ ಕ್ಷಿಪಣಿಗಳ ಅವಧಿ ಮುಗಿದ್ರೆ ಬಿಸಾಕಲ್ಲ ಕಣೇ. ಒಂದೆರಡು ಪರೀಕ್ಷೆ ಮಾಡಿ, ಚೆನ್ನಾಗಿದ್ರೆ ಆಯಸ್ಸು ವಿಸ್ತರಣೆ ಅಂತ ಬರೀತಾರೆ. ನಂದೂ ಹಂಗೇ" ಎಂದರು. ಐದು ವರ್ಷ ಸಿಕ್ಕಿತು. ಆ ಐದು ವರ್ಷವೂ ಬೆಳಿಗ್ಗೆ ಅವರೇ ಕಾಫಿ ಮಾಡಿದರು. ನನಗೆ ಅದು ಸಾಲದು ಎಂದು ಹೇಳುವ ಮನಸ್ಸಿಲ್ಲ.

ಅವರು ಹೋಗಿ ಹನ್ನೊಂದು ತಿಂಗಳು. ಈ ಹನ್ನೊಂದು ತಿಂಗಳಲ್ಲಿ ಮನೆಗೆ ಅಕ್ಕಿ ಬೇಳೆ ಬಿಟ್ಟು ಏನೂ ಬಂದಿಲ್ಲ. ಕುಕ್ಕರಿನ ರಬ್ಬರು ಹೋಗಿದೆ, ಪಾತ್ರೆಯಲ್ಲೇ ಅನ್ನ ಮಾಡುತ್ತೇನೆ. ಕಣ್ಣಿನ ವಿಷಯವೂ ಅಲ್ಲೇ ನಿಂತಿತು. ಯಾರಾದರೂ ಕೇಳಿದರೆ ಬಾಯಿಗೆ ಬರುವುದು ನಮ್ಮವ್ವನ ಮಾತೇ, ಏಮೀ ವದ್ದು. ಇವರು ನಲವತ್ತು ವರ್ಷ ಕಲಿಸಿದ್ದನ್ನು ಹನ್ನೊಂದು ತಿಂಗಳಲ್ಲಿ ಮರೆತಿದ್ದೆ.

ಫೈಲು ಹಿಡಿದು ಹೀಗೆ ಕೂತಿದ್ದಾಗಲೇ ಬೋರಕ್ಕ ಬಂದಳು. ಭಾನುವಾರದ ಸಂತೆಗೆ ಬಂದವಳು ಇಲ್ಲಿ ಊಟ ಮಾಡಿಯೇ ಹೋಗುವುದು. ಅರವತ್ತೆರಡಾದರೂ ಅವಳಿಗೆ ನಾನಿನ್ನೂ ಹುಡುಗಿ.

"ಏನೇ ಹುಡುಗಿ, ನೆಲದ ಮೇಲೆ ಕುಂತೀಯ?"

"ಫೈಲು ನೋಡ್ತಿದ್ದೆ ಅಕ್ಕ."

"ಕಣ್ಣೇ ಕಾಣಲ್ಲ, ಫೈಲ್ ನೋಡ್ತಾಳಂತೆ. ದುರ್ಗಕ್ಕೆ ಯಾವತ್ತು ಹೋಗ್ತೀಯ?"

ಅವಳ ಹತ್ತಿರ ಬಿಸಿಲು ಧೂಳು ಎಂದು ಹೇಳಲಾಗಲಿಲ್ಲ. ನಿಜ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಚೀಲ ಕೆಳಗಿಟ್ಟು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅವ್ನಿದ್ದಿದ್ರೆ ಏನ್ ಕೇಳ್ತಿದ್ದ?"

"ಹೆಸರು ಬರೀಬೇಡ, ಏನಾಗಬೇಕು ಬರಿ ಅಂತಿದ್ರು."

"ಬರಿ ಮತ್ತೆ. ನಾನು ಕುಂತೀನಿ."

ದಪ್ಪ ಸ್ಕೆಚ್ ಪೆನ್ನಿನಲ್ಲಿ, ಒಂದೊಂದು ಅಕ್ಷರ ಬೆರಳುದ್ದ ಬರೆದೆ. "ಆಗಲೇಬೇಕು: ಒಲೆಯ ಮೇಲೆ ಹಾಲು ಉಕ್ಕುವುದು ಕಾಣಬೇಕು. ಬಸ್ಸಿನ ಬೋರ್ಡು ಇನ್ನೊಬ್ಬರನ್ನು ಕೇಳದೆ ಗೊತ್ತಾಗಬೇಕು." ಅದರ ಕೆಳಗೆ, "ಆದರೆ ಒಳ್ಳೇದು: ಅವರ ಅಕ್ಷರ ಓದಲು ಬರಬೇಕು." ಗಟ್ಟಿಯಾಗಿ ಓದಿ ಹೇಳಿದೆ.

"ಕೊನೇದು ಯಾಕೆ ಕೆಳಗೆ ಹಾಕ್ದೆ?"

"ಅದಿಲ್ದಿದ್ರೂ ಬದುಕು ನಡೆಯುತ್ತಲ್ಲ ಅಕ್ಕ."

ಬೋರಕ್ಕ ಸೊಂಟದ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ತೆಗೆದಿಟ್ಟು, ತಳದಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಸುಣ್ಣ ತಾಗಿ ಅಂಚು ಬಿಳಿಚಿದೆ. ಬಿಡಿಸಿ ನನ್ನ ಮುಖದ ಹತ್ತಿರ ಹಿಡಿದಳು. ನನಗೆ ಕಂಡದ್ದು ಹೊಗೆಯಲ್ಲಿ ಸಾಲಾಗಿ ಹೋಗುವ ಇರುವೆಗಳಂಥದ್ದು ಏನೋ.

"ಅವತ್ತು ಓದಿ ಹೇಳಿದ್ದ. ಅರ್ಧ ನೆನಪೈತೆ, ಅರ್ಧ ಹೋಗೈತೆ. ಅವನಿಲ್ಲ. ನಂಗೆ ಅಕ್ಷರ ಬರಲ್ಲ. ಇನ್ನ ಇದನ್ನ ಓದೋಳು ನೀನೊಬ್ಳೇ. ಬದುಕು ನಡೀತೈತಂತೆ! ಹೊಡಿ ಅದನ್ನ. ಮೇಲಕ್ಕೆ ಬರಿ."

ಗೀಟು ಹೊಡೆದೆ. "ಆಗಲೇಬೇಕು" ಎಂಬುದರ ಕೆಳಗೆ, ಎಲ್ಲಕ್ಕಿಂತ ಮೊದಲು, ಇಕ್ಕಟ್ಟಿನಲ್ಲಿ ತುರುಕಿ ಬರೆದೆ. ಪ್ಯಾಡು ಒಣಗಿತ್ತು. ಎರಡು ಹನಿ ನೀರು ಚಿಮುಕಿಸಿದೆ. ಬೋರಕ್ಕ ಎಡಗೈ ಹೆಬ್ಬೆರಳನ್ನು ಅದ್ದಿ, ಇವರು ಸಹಿ ಮಾಡುತ್ತಿದ್ದ ಜಾಗ ಯಾವುದೆಂದು ಕೇಳಿಕೊಂಡು, ಅಲ್ಲೇ ಒತ್ತಿದಳು.

"ಆಸ್ಪತ್ರೇಲೂ ನಾನೇ ಒತ್ತತೀನಿ. ಎರಡೂ ಕಣ್ಣು ಒಂದೇ ದಿನಾನಾ?"

"ಇಲ್ಲ ಅಕ್ಕ. ಮೊದ್ಲು ಒಂದು. ನೋಡಿ, ಆಮೇಲೆ ಇನ್ನೊಂದು."

"ಹೊಡಿ, ನೋಡು, ಹೊಡಿ" ಎಂದಳು ಬೋರಕ್ಕ, ಹೆಬ್ಬೆರಳನ್ನು ತಲೆಗೆ ಒರೆಸಿಕೊಳ್ಳುತ್ತ.

ಬರುವ ಗುರುವಾರ ಹೋಗುತ್ತೇವೆ. ಎರಡು ದಿನ ಕುರಿ ನೋಡಿಕೊಳ್ಳಲು ಅವಳು ಪಕ್ಕದ ಮನೆಯವರಿಗೆ ಹೇಳಿಟ್ಟು ಬರುತ್ತಾಳಂತೆ. ಸಂಜೆ ಬಾಷಾ ಸಾಹೇಬರ ಅಂಗಡಿಗೆ ಹೋಗಿ ಕುಕ್ಕರಿನ ರಬ್ಬರು ತಂದೆವು. ಅದರ ಚೀಟಿಗೂ ಹೆಬ್ಬೆಟ್ಟು ಬಿದ್ದಿದೆ. ಸಂಚಿಯ ಕಾಗದವನ್ನು ಬೋರಕ್ಕ ನನ್ನ ಹತ್ತಿರ ಬಿಡಲಿಲ್ಲ. ಮತ್ತೆ ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡಳು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಕೊಡುತ್ತಾಳೆ. ನಾನು ಓದಬೇಕು, ಅವಳು ಎದುರಿಗೆ ಕೂತು ಕೇಳಬೇಕು.