ಅತ್ತೆ, ಕಾಲು ಮುಟ್ಟಬೇಡಿ

ಹೊಸ ಶೂ ಕಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕಚ್ಚಿಸಿಕೊಳ್ಳುವ ಜಾತಿ ನನ್ನದು. ಕುಣಿಗಲ್ಲಿನಲ್ಲಿ ಗೆಳೆಯನ ಮಗಳ ಮದುವೆಯಿತ್ತು. ರಿಟೈರಾದ ಮೇಲೆ ನಾಲ್ಕು ಜನ ನನ್ನನ್ನು ನೋಡುವುದು ಮದುವೆಮನೆಯಲ್ಲಿ ಮಾತ್ರ. ಹಾಗಾಗಿ ಥಳಥಳ ಹೊಳೆಯುವ, ಕೊಂಚ ಬಿಗಿಯಾದ ಶೂ ಕೊಂಡೆ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಎಂದಿದ್ದ ಅಂಗಡಿಯವನು. ಸಡಿಲವಾದದ್ದು ನನ್ನ ಹಿಮ್ಮಡಿಯ ಚರ್ಮ. ಶೂ ನೋಡಿದವರು ಯಾರೂ ಇಲ್ಲ, ಎಲ್ಲರ ಕಣ್ಣೂ ಎಲೆಯ ಮೇಲಿತ್ತು.

ಗುಬ್ಬಿಗೆ ವಾಪಸು ಬಂದ ಮೇಲೆ ಗಾಯ ಕೀವಾಯಿತು, ಪಾದ ಕೆಂಪೇರಿತು, ಜ್ವರ ಬಂತು. ಹತ್ತಿರದ ಡಾಕ್ಟರು ಸೋಂಕಿಗೆ ಮಾತ್ರೆ ಕೊಟ್ಟು ರೆಸ್ಟ್ ತಗೊಳ್ಳಿ ಎಂದರು. ಡಾಕ್ಟರ ಮಾತನ್ನು ಇಷ್ಟು ಶ್ರದ್ಧೆಯಿಂದ ನಾನು ಹಿಂದೆಂದೂ ಪಾಲಿಸಿರಲಿಲ್ಲ. ಮಂಚ ಬಿಟ್ಟು ಇಳಿಯದೆ, ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡು ಟಿವಿ ನೋಡಿದೆ. ಜ್ವರ ಇಳಿಯಿತು. ಆದರೆ ಎಡಗಾಲಿನ ಮೀನಖಂಡ ಊದಿ ಕಲ್ಲಿನಂತಾಯಿತು.

ಸುದ್ದಿ ಕೇಳಿ ಸಿ.ಎಸ್. ಪುರದಿಂದ ನನ್ನ ಸೋದರತ್ತೆ ಪುಟ್ಟಲಿಂಗಮ್ಮ ಬಂದಳು. ಉಳುಕು, ನೋವು, ಹಿಡಿತ, ಯಾವುದೇ ಇರಲಿ, ಅವಳು ಎಣ್ಣೆ ಹಚ್ಚಿ ನೀವಿದರೆ ವಾಸಿ ಎಂದು ಊರಿಗೆಲ್ಲ ನಂಬಿಕೆ. ನಮ್ಮ ಮನೆಯಲ್ಲಿ ಅವಳಿಗೆ ಎದುರಾಡಿದವರಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದು ಅವಳು ಹೇಳಿದರೆ, ನನ್ನ ಹೆಂಡತಿ ಸುಮಿತ್ರ ರುಚಿಯೂ ನೋಡದೆ ಉಪ್ಪು ಹಾಕುತ್ತಿದ್ದಳು.

ಅತ್ತೆ ಹರಳೆಣ್ಣೆ ಬಿಸಿ ಮಾಡಿ ತಂದು ಕಾಲ ಬಳಿ ಕೂತಳು. ನಾನು ಸುಖವಾಗಿ ಕಾಲು ಚಾಚಿದೆ. ಅಷ್ಟರಲ್ಲಿ ಸುಮಿತ್ರ ಬಂದು ಅತ್ತೆಯ ಕೈ ಹಿಡಿದುಕೊಂಡಳು.

"ಅತ್ತೆ, ಕಾಲು ಮುಟ್ಟಬೇಡಿ. ಒಂದೇ ಕಾಲು ಊದಿದೆ, ಬಿಸಿ ಬೇರೆ. ನಾನು ಪಾಠ ಮಾಡೋ ಸ್ಕೂಲಲ್ಲಿ ಒಬ್ಬ ಮೇಡಂಗೆ ಹಿಂಗೇ ಆಗಿತ್ತು. ಉಜ್ಜಿದ್ರೆ ಒಳಗಿನ ರಕ್ತದ ಹೆಪ್ಪು ಕಿತ್ಕೊಂಡು ಎದೆಗೆ ಹೋಗುತ್ತಂತೆ."

ಅತ್ತೆ ನನ್ನ ಕಡೆ ತಿರುಗಿದಳು. "ಏನ್ಲಾ, ನೀನೇ ಹೇಳು. ಉಜ್ಲೋ, ಬೇಡ್ವೋ?"

ಇಂಥ ಪ್ರಶ್ನೆಗೆ ಉತ್ತರ ಕೊಟ್ಟು ಉದ್ಧಾರವಾದ ಗಂಡಸನ್ನು ನಾನು ಕಂಡಿಲ್ಲ. ಜ್ವರ ಮರಳಿದವನಂತೆ ಕಣ್ಣು ಮುಚ್ಚಿದೆ.

ಸುಮಿತ್ರ ಕಾರು ಕರೆಸಿ ನನ್ನನ್ನು ತುಮಕೂರಿಗೆ ಹೊರಡಿಸಿದಳು. ಅತ್ತೆಯೂ ಮುಖ ಊದಿಸಿಕೊಂಡೇ ಹತ್ತಿದಳು. ಸ್ಕ್ಯಾನಿಂಗಿನಲ್ಲಿ ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆ ಅವಳನ್ನೇ ಪಾಟೀಸವಾಲಿಗೆ ಎಳೆದಳು: ಹಾಲು ಹೆಪ್ಪಾಗೋಕೆ ಮಜ್ಜಿಗೆ ಬೇಕು, ಇವನ ರಕ್ತಕ್ಕೆ ಹೆಪ್ಪು ಹಾಕಿದವರು ಯಾರು?

"ಉರಿಯೂತ, ಅಜ್ಜಿ," ಎಂದಳು ಡಾಕ್ಟರು.

ಆಮೇಲೆ ಬಿಡಿಸಿ ಹೇಳಿದಳು. ರಕ್ತನಾಳದ ಒಳಪದರ ನುಣುಪಾಗಿದ್ದು, ರಕ್ತ ಎಲ್ಲೂ ಅಂಟದೆ ಹರಿಯುವಂತೆ ನೋಡಿಕೊಳ್ಳುತ್ತದಂತೆ. ಸೋಂಕು ತಗುಲಿ ಉರಿಯೂತ ಎದ್ದರೆ ಆ ಪದರದ ಗುಣವೇ ಬದಲಾಗಿ ಅಂಟಂಟಾಗುತ್ತದೆ. ಡೆಂಗ್ಯೂ ಬಂದಾಗ ಕಮ್ಮಿಯಾಯಿತು ಎಂದು ಅಳುತ್ತೇವಲ್ಲ, ಆ ಪ್ಲೇಟ್‌ಲೆಟ್‌ಗಳು ಬಂದು ಕಚ್ಚಿಕೊಳ್ಳುತ್ತವೆ. ಕ್ರಿಮಿಗಳು ಮುಂದೆ ಹೋಗದಂತೆ ದಾರಿ ಕಟ್ಟುವುದು ಮೈಯ ಉದ್ದೇಶ. ಉಪಕಾರ ಅತಿಯಾದರೆ ರಕ್ತದ ದಾರಿಯೇ ಕಟ್ಟಿಹೋಗುತ್ತದೆ. ಜೊತೆಗೆ ನಾನು ಅಲ್ಲಾಡದೆ ಮಲಗಿ ನನ್ನ ಪಾಲಿನ ಸಹಾಯವನ್ನೂ ಮಾಡಿದ್ದೆ. ಕೆಟ್ಟದ್ದು ಮಾಡುವವರಿಂದ ತಪ್ಪಿಸಿಕೊಳ್ಳಬಹುದು, ಒಳ್ಳೆಯದು ಮಾಡಿಯೇ ತೀರುತ್ತೇನೆಂದು ಹೊರಟವರಿಂದ ಕಷ್ಟ ಅನ್ನಿಸಿತು. ಅತ್ತೆ ಪಕ್ಕದಲ್ಲೇ ಇದ್ದದ್ದರಿಂದ ಬಾಯಿ ಬಿಡಲಿಲ್ಲ.

"ಉಜ್ಜಿಬಿಟ್ಟಿದ್ರೆ?" ಎಂದು ಅತ್ತೆ ಮೆಲ್ಲಗೆ ಕೇಳಿದಳು. ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದಿತ್ತು ಎಂದಳು ಡಾಕ್ಟರು. ಮನೆಗೆ ಬಂದದ್ದೇ ಅತ್ತೆ ಹರಳೆಣ್ಣೆಯ ಬಟ್ಟಲನ್ನು ಅಡುಗೆಮನೆಯಲ್ಲಿಟ್ಟು ಬಂದಳು. ರಾತ್ರಿ ಊಟಕ್ಕೆ ಕೂತಾಗ ಸುಮಿತ್ರ ಎದೆ ಗಟ್ಟಿ ಮಾಡಿಕೊಂಡು ಬಡಿಸಿದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಸಾರು ಚೆನ್ನಾಗಿದೆ ಕಣೇ ಎಂದಳು.

ರಕ್ತ ತೆಳುವಾಗುವ ಮಾತ್ರೆ ನುಂಗಿ, ಡಾಕ್ಟರು ಹೇಳಿದಂತೆ ನಡೆದಾಡಿ, ಕೆಲವು ತಿಂಗಳಲ್ಲಿ ಗುಣವಾದೆ. ಈಗ ಸಿ.ಎಸ್. ಪುರದಲ್ಲಿ ಯಾರಾದರೂ ಕಾಲು ಊದಿಸಿಕೊಂಡು ಬಂದರೆ ಅತ್ತೆ ಮೊದಲು ಒಂದು ಕಾಲೋ ಎರಡೋ ಎಂದು ಕೇಳುತ್ತಾಳಂತೆ. ಉತ್ತರ ಏನೇ ಇರಲಿ, "ಆಸ್ಪತ್ರೆಗೆ ಹೋಗಪ್ಪ. ನಾನು ಮುಟ್ಟಿದ್ರೆ ಗುಬ್ಬಿ ಸೊಸೆ ಬೈತಾಳೆ," ಅನ್ನುತ್ತಾಳಂತೆ.

ಊರನ್ನೇ ನಡುಗಿಸಿದವಳಿಗೆ ಆ ಹೆದರಿಕೆ ಇದೆ ಅಂದಮೇಲೆ ನನ್ನದೇನು ಲೆಕ್ಕ? ನನಗೆ ಮಾತ್ರೆ ನಿಂತಿದೆ, ಹೆದರಿಕೆ ಜೀವನಪೂರ್ತಿ ಮುಂದುವರಿಸಬೇಕು.