ಭಟ್ಟಿಗೆ ಬಾರದ ಮಡಕೆ

ಥೆಮೆಲಿನಾ ಹೋದದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಬಾದಾಮಿ ಮರಗಳು ಹೂ ಉದುರಿಸಿ ಎಲೆ ಬಿಡುತ್ತಿದ್ದಾಗ. ಸಾಯುವುದಕ್ಕಿಂತ ಸಾಯುವ ಕಾಲದ ಬಗ್ಗೆಯೇ ಅವಳಿಗೆ ಹೆಚ್ಚು ಬೇಸರವಿತ್ತು.

"ಹಬ್ಬ ಮುಗಿಸ್ಕೊಂಡು ಹೋಗೋ ಹಾಗಿದ್ದಿದ್ರೆ ಚೆನ್ನಾಗಿತ್ತು ಕಣೆ ಸೆವಸ್ತಿ. ಈ ಸಲ ಭಟ್ಟಿ ಯಾರು ಹಚ್ತಾರೆ?"

"ನಾನು ಹಚ್ತೀನಿ" ಎಂದೆ.

"ನೀನಾ? ಹಸಿ ಸೌದೆ ಯಾವುದು, ಒಣಗಿದ್ದು ಯಾವುದು ಅಂತ ಪುಸ್ತಕ ತೆಗೆದು ನೋಡೋಳು ನೀನು. ಬೀದಿಯೋರೆಲ್ಲ ಹಬ್ಬದ ದಿನ ಹಸಿ ಮಾಂಸ ತಿನ್ಬೇಕಾಗುತ್ತೆ."

ಪಟ್ಟಣದ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದಕ್ಕೆ ನಾನು ಜನ್ಮವಿಡೀ ಅವಳಿಂದ ಕೇಳಿಸಿಕೊಂಡ ಮಾತು ಇಂಥದ್ದೇ. ಹಾಗೆ ಹಂಗಿಸುವವರು ಈಗ ಯಾರೂ ಇಲ್ಲ.

ಆ ಭಟ್ಟಿ ಅವಳ ಅಂಗಳದ ಮೂಲೆಯಲ್ಲಿದೆ. ಕಲ್ಲಿನ ಗುಮ್ಮಟ, ಮನುಷ್ಯ ಬಗ್ಗಿ ಹೋಗುವಷ್ಟು ಬಾಯಿ. ವರ್ಷವಿಡೀ ಅದರಲ್ಲಿ ಬೆಕ್ಕು ಮರಿ ಹಾಕುತ್ತದೆ. ಈಸ್ಟರಿನ ಹಿಂದಿನ ಶನಿವಾರ ಮಾತ್ರ ಅದು ನಮ್ಮ ಬೀದಿಗೆಲ್ಲ ಒಡತಿ. ಕುರಿಮರಿಯ ಹೊಟ್ಟೆಗೆ ಅಕ್ಕಿ, ಈರುಳ್ಳಿ, ಅದರದೇ ಈಲಿಯ ಚೂರು ತುಂಬಿ, ಎತ್ತರದ ಮಣ್ಣಿನ ಮಡಕೆಯಲ್ಲಿಟ್ಟು, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಮನೆಮನೆಯವರೂ ತರುತ್ತಾರೆ. ಮೂರಿ ಎನ್ನುತ್ತೇವೆ ಅದಕ್ಕೆ. ಮಡಕೆಗಳೆಲ್ಲ ಒಳಗೆ ಹೋದಮೇಲೆ ಭಟ್ಟಿಯ ಬಾಯಿಗೆ ಚಪ್ಪಡಿ ಇಟ್ಟು, ಸಂದಿಗೆ ಮಣ್ಣು ಹಚ್ಚಿ ಮುಚ್ಚಿದರೆ ತೆಗೆಯುವುದು ಮರುದಿನವೇ. ಆ ಮಣ್ಣು ಹಚ್ಚುವ ಕೈ ಅವಳ ತಾಯಿಯದಾಗಿತ್ತು, ಆಮೇಲೆ ಅವಳದಾಯಿತು.

ಬೇಸಿಗೆಯಲ್ಲಿ ಮಾತ್ರ ಅವಳು ಬೇರೆಯೇ ಹೆಂಗಸು. ಗಂಡ ಮಿಕೆಸ್ ಸಮುದ್ರದ ತಳದಿಂದ ಸ್ಪಂಜು ತೆಗೆಯುವ ಮುಳುಗುಗಾರ. ಒಂದು ವರ್ಷ ದೋಣಿ ಹಿಂದಿರುಗಿತು, ಅವನು ಹಿಂದಿರುಗಲಿಲ್ಲ. ಅಲ್ಲಿಂದ ಅವಳು ದಡದಲ್ಲಿ ನೆರಳು ಕೊಡುವ ಝಾವುಮರದ ಕೆಳಗೆ ಮೇಜುಗಳನ್ನು ಹಾಕಿ, ರಜೆಗೆ ಬರುವವರಿಗೆ ಊಟ ಬಡಿಸಿ ಮಗಳನ್ನು ಸಾಕಿದಳು. ಹಗ್ಗದ ಮೇಲೆ ಒಣಗಿದ ಆಕ್ಟೋಪಸ್ಸನ್ನು ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದಳು, ಬಾರ್ಲಿಯ ಒಣರೊಟ್ಟಿಯ ಮೇಲೆ ಟೊಮೆಟೊ ಹಿಂಡಿ ಕೊಡುತ್ತಿದ್ದಳು. ಊಟದ ಜೊತೆಗೆ ಒಂದು ಕತೆ.

ನಮ್ಮ ಕೊಲ್ಲಿಯಲ್ಲಿ ಎರಡು ಬಂಡೆಗಳಿವೆ, ನಡುವೆ ನೀರು. ಅಕ್ಕತಂಗಿ ಅನ್ನುತ್ತೇವೆ. ಹಬ್ಬದ ಹಿಂದಿನ ದಿನ ತಂಗಿಯ ಭಟ್ಟಿ ಆರಿಹೋಯಿತಂತೆ. ಅಕ್ಕನ ಮನೆಗೆ ಬಂದು ಒಂದು ಕೆಂಡ ಕೇಳಿದಳಂತೆ. ಯಾವುದೋ ಹಳೆಯ ಸಿಟ್ಟಿಗೆ ಅಕ್ಕ ಕೊಡಲಿಲ್ಲ. ಇಬ್ಬರೂ ಕಲ್ಲಾದರು. ನಾವು ಅಜ್ಜಿಯರಿಂದ ಕೇಳಿದ ಕತೆ ಅಷ್ಟೇ. ಥೆಮೆಲಿನಾ ಅತಿಥಿಗಳಿಗೆ ಹೇಳುವಾಗ ಮುಂದುವರಿಸುತ್ತಿದ್ದಳು: ಹೊತ್ತು ಮುಳುಗುವಾಗ ಅಕ್ಕನ ನೆರಳು ಉದ್ದವಾಗುತ್ತಾ ಹೋಗಿ ತಂಗಿಯ ಕಾಲು ಮುಟ್ಟುತ್ತದೆ, ಕ್ಷಮಿಸು ಅನ್ನುತ್ತದೆ, ನೀವೇ ನೋಡಿ. ಅವರು ನೋಡುತ್ತಾ ಕೂರುತ್ತಿದ್ದರು. ಕೂತವರು ಸುಮ್ಮನೆ ಕೂರುವುದುಂಟೆ, ಇನ್ನೊಂದು ತಟ್ಟೆ ತರಿಸುತ್ತಿದ್ದರು.

"ನಮ್ಮಜ್ಜಿ ಕತೆಯಲ್ಲಿ ನೆರಳೇ ಇರ್ಲಿಲ್ವಲ್ಲೇ" ಎಂದೆ ಒಮ್ಮೆ.

"ನಿಮ್ಮಜ್ಜಿ ಹೋಟ್ಲು ಇಟ್ಟಿರ್ಲಿಲ್ಲ" ಎಂದಳು. ಮೇಜು ಒರೆಸುತ್ತಾ, "ಅಷ್ಟು ದೂರದಿಂದ ಬಂದೋರು, ಉಂಡು ಅಳ್ತಾ ಮಲಗ್ಬೇಕಾ?" ಎಂದಳು.

ಅವಳ ಸ್ವಂತ ಅಕ್ಕ ನೊಮಿಕಿ ಇದ್ದದ್ದು ಅದೇ ಬೀದಿಯ ಮೇಲಿನ ತುದಿಯಲ್ಲಿ, ಹೆತ್ತ ತಾಯಿಯ ಮನೆಯಲ್ಲಿ. ನಮ್ಮಲ್ಲಿ ತಾಯಿಯ ಮನೆ ಹಿರಿಯ ಮಗಳಿಗೆ. ಆ ಹಿರಿಯ ಮಗಳಿಗೆ ಹುಟ್ಟುವ ಮೊದಲ ಹೆಣ್ಣಿಗೆ ಅಜ್ಜಿಯ ಹೆಸರು, ಹೆಸರಿನ ಹಿಂದೆ ಮನೆ. ಹೆಸರು ಮತ್ತು ಬೀಗದಕೈ ಒಂದೇ ಗೊಂಚಲಲ್ಲಿ ಇರುತ್ತವೆ ಅನ್ನುವುದು ನಮ್ಮವರ ಮಾತು. ಅಕ್ಕತಂಗಿಯರ ತಾಯಿಯ ಹೆಸರು ಎವ್ದೊಕಿಯಾ. ನೊಮಿಕಿಗೆ ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಿರಲಿಲ್ಲ. ಥೆಮೆಲಿನಾಳಿಗೆ ಮೊದಲು ಹೆಣ್ಣು ಹುಟ್ಟಿತು. ಹಿರಿಯಳಿಗೆ ಮನೆ ಬಿಟ್ಟುಕೊಟ್ಟು ಕಿರಿಯಳ ಜೊತೆ ಇದ್ದ ತಾಯಿ ಆಗ ಹಾಸಿಗೆ ಹಿಡಿದಿದ್ದಳು.

ಜ್ಞಾನಸ್ನಾನದ ದಿನ ಚರ್ಚಿನಲ್ಲಿ ನಾನು ನೊಮಿಕಿಯ ಪಕ್ಕದಲ್ಲೇ ಇದ್ದೆ. ಪಾದ್ರಿಗಳು ಹೆಸರು ಕೇಳಿದರು. ಮಗುವನ್ನು ಎತ್ತಿಕೊಂಡಿದ್ದ ಮಿಕೆಸನ ಗೆಳೆಯ ಗಟ್ಟಿಯಾಗಿ "ಎವ್ದೊಕಿಯಾ" ಎಂದ. ನೊಮಿಕಿ ಕೈಯಲ್ಲಿದ್ದ ಮೊಂಬತ್ತಿಯನ್ನು ಊದಿ ಆರಿಸಿ, ಬೆಂಚಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಅವಳ ಹೊಟ್ಟೆಯಲ್ಲಿ ಇನ್ನು ಮಕ್ಕಳಾಗುವುದಿಲ್ಲವೆಂದು ತಂಗಿ ಊರ ಮುಂದೆ ಸಾರಿದ ಹಾಗಾಗಿತ್ತು. ಆ ಸಂಜೆ ನಾನು ಮೇಲಿನ ಮನೆಗೆ ಹೋದೆ.

"ಹುಟ್ಟದೇ ಇರೋ ನನ್ನ ಮಗೂನ ಅವಳು ಹೂತ್ಲು" ಎಂದಳು ನೊಮಿಕಿ. "ಹೋಗು, ಪಾಯಸ ತಿನ್ನು ಹೋಗು, ನಿನ್ನ ಗೆಳತಿ ಮನೇಲಿ."

ಥೆಮೆಲಿನಾಳನ್ನೂ ಕೇಳಿದ್ದೆ. ಮೊದಲೇ ಒಂದು ಮಾತು ಅಕ್ಕನಿಗೆ ಹೇಳಬಾರದಿತ್ತೇ ಎಂದು.

"ಅಮ್ಮ ಸಾಯ್ತಾ ಇದ್ಲು ಸೆವಸ್ತಿ. ಅಂಗಳದಲ್ಲಿ ನನ್ನ ಹೆಸರು ಹಿಡಿದು ಮೊಮ್ಮಗಳನ್ನ ಕರೆಯೋದು ಒಂದು ಸಲ ಕೇಳಿ ಹೋಗ್ತೀನಿ ಅಂದ್ಲು. ಸಾಯೋರು ನೀರು ಕೇಳಿದ್ರೆ, ತಡಿ, ಅಕ್ಕನ್ನ ಕೇಳ್ಕೊಂಡು ಬರ್ತೀನಿ ಅಂತಾರಾ?"

ತಾಯಿ ಕೇಳಿಸಿಕೊಂಡು ಹೋದಳು. ಅಕ್ಕತಂಗಿಯರ ನಡುವೆ ಮಾತು ಅಲ್ಲಿಗೆ ನಿಂತಿತು. ನೊಮಿಕಿಗೆ ಮಕ್ಕಳಾಗಲಿಲ್ಲ. ತಂಗಿಯ ಮಗಳ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಮಾತಿನಲ್ಲಿ ತರಲೇಬೇಕಾದಾಗ "ಕೆಳಗಿನ ಮನೆ ಹುಡುಗಿ" ಅನ್ನುತ್ತಿದ್ದಳು. ಆ ಹುಡುಗಿಗೆ ಈಗ ತಲೆಗೂದಲು ನರೆತಿದೆ.

ಆದರೆ ಬೀದಿಗೆ ಭಟ್ಟಿ ಒಂದೇ. ಈಸ್ಟರಿನ ಶನಿವಾರ ನೊಮಿಕಿಯ ಗಂಡ ಸಕೆಲ್ಲಾರಿಸ್ ಮಡಕೆ ಹೊತ್ತು ಬರುತ್ತಿದ್ದ. ಅಂಗಳದ ಗೋಡೆಯ ಮೇಲಿಟ್ಟು, ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡಿಕೊಂಡು ಹೊರಟುಹೋಗುತ್ತಿದ್ದ. ಎಲ್ಲರ ಮಡಕೆಗಳೂ ಹಿಟ್ಟು ಮೆತ್ತಿಕೊಂಡೇ ಬರುತ್ತಿದ್ದವು. ಆ ಒಂದಕ್ಕೆ ಮಾತ್ರ ಬರೀ ಮುಚ್ಚಳ. ಥೆಮೆಲಿನಾ ಅದಕ್ಕೆಂದೇ ಹಿಟ್ಟು ನಾದಿಟ್ಟಿರುತ್ತಿದ್ದಳು. ಮುಚ್ಚಳದ ಸುತ್ತ ಮೆತ್ತಿ, ತಾಯಿ ಒತ್ತುತ್ತಿದ್ದ ಹಾಗೆ ಹೆಬ್ಬೆಟ್ಟಿನಿಂದ ಒತ್ತಿ, ಭಟ್ಟಿಯ ಎಡ ಮೂಲೆಯಲ್ಲಿ, ಬೆಂಕಿ ಮೃದುವಾಗಿರುವ ಕಡೆ ಇಡುತ್ತಿದ್ದಳು. ಮರುದಿನ ಮೇಲಿನ ಮನೆಯಲ್ಲಿ ಆ ಹಿಟ್ಟನ್ನು ಒಡೆಯುತ್ತಿದ್ದರು. ಅವರಿಬ್ಬರ ನಡುವೆ ಉಳಿದ ವ್ಯವಹಾರ ಅಷ್ಟೇ.

"ಮಾತಾಡದೋಳ ಮಡಕೆಗೆ ಅದೆಷ್ಟು ಉಪಚಾರ" ಎಂದು ಪಕ್ಕದ ಮನೆಯ ಕಲೊಟಿನಾ ಕೊಂಕು ತೆಗೆದರೆ, "ಮಡಕೆ ನನ್ನ ಹತ್ರ ಜಗಳ ಆಡಿಲ್ಲವಲ್ಲ" ಅನ್ನುತ್ತಿದ್ದಳು.

ಸಕೆಲ್ಲಾರಿಸ್ ತೀರಿಕೊಂಡ ವರ್ಷ ಮಡಕೆ ಬರಲಿಲ್ಲ. ಸೂತಕದ ಮನೆಯಲ್ಲಿ ಮೂರಿ ಮಾಡುವುದಿಲ್ಲ, ಹಬ್ಬದ ಮೊಟ್ಟೆಗೆ ಕೆಂಪು ಬಣ್ಣ ಹಾಕುವುದಿಲ್ಲ, ಹಬ್ಬದ ಊಟ ನೆರೆಯವರು ಕೊಂಡೊಯ್ದು ಕೊಡಬೇಕು. ಥೆಮೆಲಿನಾ ತನ್ನ ಮಡಕೆಯಿಂದ ಒಂದು ತಟ್ಟೆ ತುಂಬಿ ನನ್ನ ಕೈಯಲ್ಲಿಟ್ಟಳು. "ನಿನ್ನದು ಅಂತ ಹೇಳು."

ನೊಮಿಕಿ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಮೂಸಿದಳು. "ನಿನ್ನ ಅಡುಗೇಲಿ ಪುದೀನ ಇರಲ್ಲ" ಎಂದಳು. ನಿಜ, ನಾನು ಮೂರಿಗೆ ಪುದೀನ ಹಾಕುವುದಿಲ್ಲ. ಅದು ಅವರ ತಾಯಿಯ ಕೈರುಚಿ. ಸಂಜೆ ತಟ್ಟೆ ಮರಳಿ ಬಂದಾಗ ಅರ್ಧ ಹಾಗೇ ಇತ್ತು. ನನಗೆ ಕಸಿವಿಸಿಯಾಯಿತು. ಥೆಮೆಲಿನಾಳ ಮುಖ ಮಾತ್ರ ಅರಳಿತು.

"ಅರ್ಧ ಉಂಡಿದಾಳೆ, ನೋಡು."

ಮುಂದಿನ ವರ್ಷದಿಂದ ಮಡಕೆ ಗೋಡೆಯ ಮೇಲೆ ತಾನಾಗಿ ಬಂದು ಕೂತಿರುತ್ತಿತ್ತು. ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನೊಮಿಕಿ ಇಟ್ಟು ಹೋಗುತ್ತಿದ್ದಳು.

ಕಾಯಿಲೆ ಕೊನೆಗೆ ಬಂದಾಗ ನಾನು ಥೆಮೆಲಿನಾಳನ್ನು ಕೇಳಿದೆ, ಅಕ್ಕನನ್ನು ಕರೆದುಕೊಂಡು ಬರಲೇ ಎಂದು. ಅವಳು ಗೋಡೆಯ ಕಡೆ ಹೊರಳಿದಳು.

"ಬೇಡ. ಸಾಯೋಳು ಕರೆದ್ರೆ ಬರಲೇಬೇಕಾಗುತ್ತೆ. ಅದು ಬಂದ ಹಾಗಲ್ಲ." ಉಸಿರು ತಿರುಗಿಸಿಕೊಂಡು ಹೇಳಿದಳು, "ನನಗೆ ಕ್ಷಮೆ ಗಿಮೆ ಏನೂ ಬೇಡ ಕಣೆ. ನನ್ನ ಮಗಳನ್ನ ಒಂದು ಸಲ ಹೆಸರು ಹಿಡಿದು ಕರೀಲಿ. ಪಾಪ, ಅವಳೇನು ಮಾಡಿದ್ಲು? ಹುಟ್ಟಿದ್ಲು. ನನ್ನ ಕಿವಿಗೆ ಬೀಳದಿದ್ರೂ ಪರವಾಗಿಲ್ಲ."

ಅದು ಅವಳ ಕಿವಿಗೆ ಬೀಳಲಿಲ್ಲ.

ಮಣ್ಣು ಮಾಡಿದ ದಿನ ನೊಮಿಕಿ ಎಲ್ಲರ ಹಿಂದೆ, ಸ್ಮಶಾನದ ಗೋಡೆಗೆ ಒರಗಿ ನಿಂತಿದ್ದಳು. ಗಂಡ ಹೋದಾಗಿನಿಂದ ಕಪ್ಪು ಉಟ್ಟವಳು. ಆ ಕಪ್ಪಿನಲ್ಲಿ ತಂಗಿಯದೂ ಸೇರಿದೆಯೋ ಇಲ್ಲವೋ ಯಾರು ಹೇಳಬೇಕು? ಎವ್ದೊಕಿಯಾ ದೊಡ್ಡಮ್ಮನ ಕಡೆ ಒಂದು ಹೆಜ್ಜೆ ಇಟ್ಟಳು. ನೊಮಿಕಿ ತಿರುಗಿ ಗೇಟಿನ ಕಡೆ ನಡೆದಳು. ಕಲೊಟಿನಾ ನನ್ನ ಕಿವಿಯಲ್ಲಿ "ಕೊಲ್ಲಿಯ ಬಂಡೆಗಾದ್ರೂ ನೆರಳಿದೆ" ಎಂದಳು.

ಶನಿವಾರ ಬಂತು. ಭಟ್ಟಿಯಿಂದ ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ, ಗುಡಿಸಿ, ಸೌದೆ ಜೋಡಿಸಿದೆ. ಹೊಗೆ ನನ್ನ ಕಣ್ಣಿಗೇ ನುಗ್ಗಿತು. ಒಂದಿಷ್ಟು ಹಸಿ ಸೌದೆ ಸೇರಿತ್ತು. ಅವಳಿದ್ದಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ಕಲ್ಲು ಕಾದು ಬಿಳಿಯಾಗುವ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಮಡಕೆ ತಂದರು. ಎವ್ದೊಕಿಯಾ ಮನೆಯೊಳಗೆ ಕೂತಿದ್ದಳು. ಅವಳ ಮನೆಯಲ್ಲಿ ಈ ವರ್ಷ ಮಡಕೆಯಿಲ್ಲ.

ನಾನು ಗೋಡೆ ನೋಡಿದೆ. ಅದರ ಮೇಲೆ ಏನೂ ಇರಲಿಲ್ಲ. ಎಡ ಮೂಲೆ ಬಿಟ್ಟು ಉಳಿದ ಮಡಕೆಗಳನ್ನು ಒಳಗಿಟ್ಟೆ. ನಾದಿಟ್ಟ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹಾಕಿದ್ದೆ, ಅದು ಒಣಗುತ್ತಾ ಬಂತು.

"ಮುಚ್ಚು ಸೆವಸ್ತಿ, ಶಾಖ ಹೋಗ್ತಿದೆ" ಎಂದಳು ಕಲೊಟಿನಾ.

"ಇನ್ನೂ ಒಂದು ಬರೋದಿದೆ."

"ಅವಳು ಯಾಕೆ ತರ್ತಾಳೆ? ತಂಗಿ ಇದ್ದಾಗ ಹಂಗಿಸೋಕೆ ಅಂತ ಕಳಿಸ್ತಿದ್ಲು. ಈಗ ಯಾರನ್ನ ಹಂಗಿಸ್ಬೇಕು? ತಂಗಿ ಸತ್ರೂ ಅದೇ ಹಟ, ನೋಡು."

ನನಗೂ ಮೊದಲು ಹಾಗೇ ಅನಿಸಿತು. ಸಿಟ್ಟಿನಲ್ಲೇ ಚಪ್ಪಡಿ ಎತ್ತಿ ಇಟ್ಟು, ಸಂದಿಗೆ ಮಣ್ಣು ಹಚ್ಚಲು ಶುರುಮಾಡಿದೆ. ಅರ್ಧ ಹಚ್ಚುವಾಗ ಕೈ ನಿಂತಿತು. ಎರಡು ಮನೆಗಳಿಂದ ಮಡಕೆ ಬಂದಿಲ್ಲ. ಕೆಳಗಿನ ಮನೆಯಿಂದ ಏಕೆ ಬಂದಿಲ್ಲ ಎಂದು ಯಾರೂ ಕೇಳುವುದಿಲ್ಲ. ಮೇಲಿನ ಮನೆಯದಕ್ಕೂ ಕಾರಣ ಅದೇ ಇರಬಹುದಲ್ಲ. ಮಾತು ಬಿಟ್ಟ ಅಷ್ಟೂ ವರ್ಷ ಮಡಕೆ ಕಳಿಸಿದವಳು, ಗಂಡ ಸತ್ತಾಗ ಒಂದು ವರ್ಷ ನಿಲ್ಲಿಸಿದವಳು, ಈಗ ಮತ್ತೆ ನಿಲ್ಲಿಸಿದ್ದಾಳೆ.

ಮಣ್ಣು ಹಚ್ಚಿ ಮುಗಿಸಿದೆ.

ಹಬ್ಬದ ಮಧ್ಯಾಹ್ನ ಭಟ್ಟಿ ತೆಗೆದಾಗ ನನ್ನ ಮಡಕೆಯಿಂದ ಎರಡು ತಟ್ಟೆ ತುಂಬಿದೆ. ಒಂದನ್ನು ಎವ್ದೊಕಿಯಾಳ ಮೇಜಿನ ಮೇಲಿಟ್ಟು, ಇನ್ನೊಂದನ್ನು ಹಿಡಿದು ಬೀದಿ ಹತ್ತಿದೆ. ನೊಮಿಕಿಯ ಬಾಗಿಲು ತೆರೆದೇ ಇತ್ತು. ಒಳಗೆ ಒಲೆ ತಣ್ಣಗಿತ್ತು. ಬುಟ್ಟಿಯಲ್ಲಿ ಮೊಟ್ಟೆಗಳಿದ್ದವು, ಬೆಳ್ಳಗೆ.

"ಕ್ರಿಸ್ತ ಎದ್ದ" ಎಂದೆ, ಹಬ್ಬದ ದಿನ ಎಲ್ಲರೂ ಹೇಳುವ ಹಾಗೆ.

"ಎದ್ದ, ನಿಜ" ಎಂದಳು. ತಟ್ಟೆ ನೋಡಿದಳು. "ಇದು ಯಾಕೆ ತಂದೆ?"

"ಸೂತಕದ ಮನೆ."

ಅವಳು ಅಲ್ಲ ಎನ್ನಲಿಲ್ಲ. ಮೇಜಿನ ಬಟ್ಟೆಯ ಅಂಚನ್ನು ಬೆರಳಿನಿಂದ ನೀವಿದಳು. ಕೊನೆಗೆ, "ಕೆಳಗೆ ಕೊಟ್ಯಾ?" ಎಂದಳು.

"ಕೊಟ್ಟು ಬಂದೆ."

"ಒಬ್ಬಳೇ ಇದಾಳಾ?"

"ಒಬ್ಬಳೇ. ತಟ್ಟೆ ಮುಂದಿಟ್ಕೊಂಡು ಕೂತಿದಾಳೆ."

"ಒಂದು ಸಾವಿಗೆ ಎರಡು ಮನೇಲಿ ಉಣ್ಣೋದಾ?" ಎಂದು ನನ್ನನ್ನೇ ಗದರಿಸಿದಳು. "ಪುಸ್ತಕ ಓದಿದೋಳಿಗೆ ಅಷ್ಟೂ ಗೊತ್ತಾಗಲ್ವಾ? ಎತ್ತು ತಟ್ಟೆ."

ಬೀದಿ ಇಳಿಯುವಾಗ ಅವಳು ನನ್ನ ತೋಳು ಹಿಡಿದಿದ್ದಳು. ಕಿಟಕಿಗಳಲ್ಲಿ ಮುಖಗಳಿದ್ದವು. ಕಲೊಟಿನಾ ಬಾಗಿಲಲ್ಲಿ ನಿಂತವಳು ಒಳಗೆ ಸರಿದಳು. ಅಂಗಳ ಹೊಕ್ಕಾಗ ನೊಮಿಕಿ ಭಟ್ಟಿಯ ಬಾಯಿಗೆ ಉಳಿದಿದ್ದ ಮಣ್ಣನ್ನು ಮುಟ್ಟಿ ನೋಡಿದಳು.

"ಯಾರು ಹಚ್ಚಿದ್ದು?"

"ನಾನೇ."

"ಗೊತ್ತಾಗುತ್ತೆ. ಕೋಳಿ ಕೆದಕಿದ ಹಾಗಿದೆ" ಎಂದು ಒಳಗೆ ಹೋದಳು.

ಎವ್ದೊಕಿಯಾ ಎದ್ದು ನಿಂತಳು. ಯಾರೂ ಅಪ್ಪಿಕೊಳ್ಳಲಿಲ್ಲ. ನೊಮಿಕಿ ತನ್ನ ತಾಯಿ ಸತ್ತ ಕೋಣೆಯ ಬಾಗಿಲನ್ನು ಒಮ್ಮೆ ನೋಡಿ ಕುರ್ಚಿ ಎಳೆದುಕೊಂಡು ಕೂತಳು. ಮೂವರೂ ಉಣ್ಣತೊಡಗಿದೆವು. ನಾಲ್ಕು ತುತ್ತು ಆಗಿರಬೇಕು. ನೊಮಿಕಿ ಚಮಚ ಕೆಳಗಿಟ್ಟಳು.

"ಪುದೀನ ಇಲ್ಲ."

"ನಾನು ಹಾಕಲ್ಲವಲ್ಲ" ಎಂದೆ.

"ಗೊತ್ತು." ಚಮಚವನ್ನು ತಟ್ಟೆಯಿಂದ ದೂರ ಸರಿಸಿದಳು. "ಅವಳು ಹಾಕ್ತಿದ್ಲು. ಇನ್ಮೇಲೆ ಇರಲ್ಲ ಅಂತ ನಾನು..." ಅಷ್ಟಕ್ಕೇ ನಿಂತಿತು. ತಟ್ಟೆಯನ್ನೇ ನೋಡುತ್ತಾ, ಸಮುದ್ರದಾಚೆಯಿಂದ ಯಾರನ್ನೋ ಕರೆಯುವವಳಂತೆ, ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದಳು.

"ಎವ್ದೊಕಿಯಾ, ಹಿತ್ತಲಲ್ಲಿ ನಿಮ್ಮಮ್ಮ ಹಾಕಿದ್ದ ಪುದೀನ ಇನ್ನೂ ಇದ್ಯೇನೆ? ನಾಲ್ಕು ಎಲೆ ತಾ."

ಎವ್ದೊಕಿಯಾ ಹೋದಳು. ಹಿತ್ತಲಲ್ಲಿ ಹಳೆಯ ಎಣ್ಣೆ ಡಬ್ಬಗಳಲ್ಲಿ ಪುದೀನ ದಟ್ಟವಾಗಿ ಬೆಳೆದಿತ್ತು. ಅವಳು ಬರಲು ತುಂಬಾ ಹೊತ್ತು ಹಿಡಿಯಿತು. ನಾವಿಬ್ಬರೂ ತಟ್ಟೆ ಮುಟ್ಟದೆ ಕಾಯುತ್ತಾ ಕೂತೆವು.