ಕಾಶಪ್ಪನವರ ಬೆಳ್ಳಿ ಕರಡಿಗೆ

ಇಳಕಲ್ಲಿನ ಕಲ್ಲು ಕೊಯ್ಯುವ ಕಾರ್ಖಾನೆಗಳಲ್ಲಿ ದೊಡ್ಡ ಮೋಟರು ಕೈಕೊಟ್ಟರೆ ನಮ್ಮ ಓಣಿಯ ಕಾಶಪ್ಪನವರನ್ನು ಕರೆಸುತ್ತಾರೆ. ಅವರ ಕೊರಳಲ್ಲಿ ಇಷ್ಟಲಿಂಗವು ಬಿಳಿ ಅರಿವೆಯಲ್ಲಿದೆ. ಮೂರು ವರ್ಷದ ಹಿಂದೆ ಅದು ತಾಯಿ ಸಿದ್ದಲಿಂಗವ್ವ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆಯಲ್ಲಿತ್ತು.

"ಕರಡಿಗಿ ಎಲ್ಲೈತೋ?" ಎಂದು ತಾಯಿ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು.

"ಪಾಲಿಶಿಗೆ ಕೊಟ್ಟೇನಿ, ಯವ್ವಾ."

"ಎರಡ ವರ್ಷ ತಿಕ್ಕಾಕ ಅದೇನ್ ಗುಡಿ ಕಳಸೇನೋ? ಕಳಕೊಂಡೇನಿ ಅನ್ನು."

ಕಾಶಪ್ಪ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುತ್ತಿದ್ದರು. ಅವರ ತಂದೆ ಲೈನ್‌ಮನ್ ಆಗಿದ್ದರು. ಕಂಬದ ಮೇಲೆಯೇ ಕರೆಂಟು ಹೊಡೆದು ತೀರಿಕೊಂಡಿದ್ದರು. ಹಾಗಾಗಿ ಖರೆ ಮಾತು ಹೇಳಲು ಧೈರ್ಯವಿರಲಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಕಾರ್ಖಾನೆಯ ಗರಗಸದ ಮೋಟರು ಶುರುವಾಗುತ್ತಿದ್ದಂತೆಯೇ ನಿಲ್ಲತೊಡಗಿತು. ದೊಡ್ಡ ಮೋಟರನ್ನು ಜಗ್ಗದೆ ಮೆಲ್ಲಗೆ ಓಡಿಸಲು ಸಾಫ್ಟ್ ಸ್ಟಾರ್ಟರ್ ಎಂಬ ಪೆಟ್ಟಿಗೆ ಇರುತ್ತದೆ. ಹಳೆಯ ಸ್ಟಾರ್ಟರಿನಲ್ಲಿ ನಿಲ್ಲಿಸುವ ಬಟನ್ ಒತ್ತಿದರೆ ಒಳಗಿನ ಪಟ್ಟಿಗಳು ದೂರ ಸರಿದು ಕರೆಂಟು ಕಡಿಯುತ್ತದೆ. ಇದರಲ್ಲಿ ಹಾಗೆ ಏನೂ ಸರಿಯುವುದಿಲ್ಲ. ಮೋಟರು ನಿಂತಿದ್ದರೂ ಅದರ ಕೇಬಲ್ಲಿನಲ್ಲಿ ಕರೆಂಟು ಇರಬಹುದು.

"ಮೇನ್ ಇಳಸ್ರಿ, ಸಾಹೇಬ್ರ," ಎಂದರು ಕಾಶಪ್ಪ.

ಸೂಪರ್‌ವೈಸರ್ ವಿಜಯಮಹಾಂತೇಶ ಒಪ್ಪಲಿಲ್ಲ. ಅಲ್ಲಿನ ಮೂರೂ ಗರಗಸಕ್ಕೆ ಒಂದೇ ಮೇನ್ ಸ್ವಿಚ್ಚು ಇತ್ತು. "ಉಳದ ಎರಡೂ ಕಲ್ಲಿನ ನಡುವ ಅದಾವ. ನಿಂತ್ರ ಕಲ್ಲಿನ ಮ್ಯಾಲೆ ಗೆರಿ ಬೀಳ್ತೈತಿ. ಮೋಟರ್ ಬಂದ್ ಐತಲ್ಲ, ಇನ್ನೇನ್ ಬೇಕು? ಲೇ ಮತೀನ, ತಗೀ ಕೇಬಲ್."

ಗರಗಸ ನಡೆಸುವ ಮತೀನ ಆಗಲೇ ಮೋಟರಿನ ಮುಚ್ಚಳ ಬಿಚ್ಚಿ, ನಟ್ಟು ತಿರುವುವ ಪಾನಾ ಹಿಡಿದು ಕುಳಿತಿದ್ದ.

"ಮುಟ್ಟಬ್ಯಾಡ!" ಕಾಶಪ್ಪ ಕೂಗಿದರು.

ಮತೀನ ನಕ್ಕ. "ನಿಂತ ಮೋಟರ್ ಕಡಿಯಾಕ ಅದೇನ್ ನಾಯೇನ್ರಿ, ಕಾಕಾ?"

"ವಯಸ್ಸಾತು, ಅಂಜತಾನ," ಎಂದರು ಸೂಪರ್‌ವೈಸರ್. ಪಾನಾ ಮತ್ತೆ ಮೇಲೆದ್ದಿತು.

ಕಾಶಪ್ಪ ಸಾಮಾನಿನ ಚೀಲದ ತಳದಿಂದ ಒಂದು ಚಿಂದಿ ಗಂಟು ತೆಗೆದು, ಬಿಚ್ಚಿ, ಮತೀನನ ಎಡಗೈಯಲ್ಲಿಟ್ಟರು. ಬೆಳ್ಳಿಯ ಕರಡಿಗೆ. ಅದರ ಒಂದು ಮಗ್ಗುಲು ಕರಗಿ ಕಪ್ಪಾಗಿತ್ತು.

"ಲಿಂಗ ಮೈಮ್ಯಾಲಿಂದ ತಗೀಬಾರ್ದು ಅಂತ ಇದನ್ನ ಹಾಕ್ಕೊಂಡ ಇಂಥಾ ಪೆಟಗಿಗೆ ಬಗ್ಗಿದ್ದೆ, ಬೆಳ್ಳಿ ಒಳಗ ತಾಗ್ತು. ಆ ಮೋಟರೂ ನಿಂತಿತ್ತಪಾ," ಎಂದು ಅಂಗಿಯ ಗುಂಡಿ ಬಿಚ್ಚಿದರು. ಎದೆಯ ನಡುವೆ ಸುಟ್ಟ ಕಲೆ ಇತ್ತು.

ಮತೀನ ಪಾನಾ ನೆಲಕ್ಕಿಟ್ಟ. "ಸಾಹೇಬ್ರ, ಮೇನ್ ಇಳಸ್ರಿ. ಇಲ್ಲಂದ್ರ ನೀವ ಬಂದ್ ತಗೀರಿ."

ಮೇನ್ ಇಳಿಯಿತು. ಕಾಶಪ್ಪ ಅದಕ್ಕೆ ತಮ್ಮ ಕೀಲಿ ಹಾಕಿ ಕೀಲಿಕೈ ಕಿಸೆಗಿಟ್ಟರು, 'ಮುಟ್ಟಬೇಡಿ' ಎಂಬ ಬೋರ್ಡು ತೂಗುಹಾಕಿದರು. ಪೆಟ್ಟಿಗೆಯಲ್ಲಿ ಉಳಿದ ಕರೆಂಟು ಇಳಿಯಲೆಂದು ಐದು ನಿಮಿಷ ಕಾದರು. ಮೀಟರು ಸರಿಯಿದೆಯೇ ಎಂದು ಮೊದಲು ಕರೆಂಟಿದ್ದ ಆಫೀಸಿನ ಬೇರೆ ಲೈನಿನಲ್ಲಿ ನೋಡಿ, ಆಮೇಲೆ ಈ ಕೇಬಲ್ಲಿಗಿಟ್ಟರು. ಸೊನ್ನೆ. ಮತ್ತೆ ಹೋಗಿ ಮೀಟರು ಪರೀಕ್ಷಿಸಿ ಬಂದರು. ಸೂಪರ್‌ವೈಸರ್ ಗಡಿಯಾರ ನೋಡುತ್ತಲೇ ಇದ್ದರು.

ಪೆಟ್ಟಿಗೆಯ ಫ್ಯಾನಿನಲ್ಲಿ ಕಲ್ಲಿನ ಧೂಳು ಹೆಪ್ಪುಗಟ್ಟಿ ಅದು ತಿರುಗುತ್ತಲೇ ಇರಲಿಲ್ಲ. ಒಳಗೆ ಕರೆಂಟು ತಡೆಯುವ ಮೂರು ಭಾಗಗಳಲ್ಲಿ ಒಂದು ಕಾಯ್ದು ಸುಟ್ಟು, ಕರೆಂಟಿಗೆ ಸದಾ ದಾರಿ ಬಿಟ್ಟಿತ್ತು. ಮತೀನ ಬಿಚ್ಚಬೇಕೆಂದಿದ್ದ ಕೇಬಲ್ಲು ಅದರದೇ ಆಗಿತ್ತು.

ಸಂಜೆ ಕಾಶಪ್ಪ ಮನೆಗೆ ಬಂದಾಗ ಮತೀನ ಮೊದಲೇ ಬಂದು ಕಟ್ಟೆಯ ಮೇಲೆ ಸಿದ್ದಲಿಂಗವ್ವನ ಪಕ್ಕದಲ್ಲಿದ್ದ. ಎಲ್ಲವನ್ನೂ ಹೇಳಿಬಿಟ್ಟಿದ್ದ.

"ತಾ ಇಲ್ಲೆ," ಎಂದು ತಾಯಿ ಕೈಚಾಚಿದರು. ಕರಗಿದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದರು. "ಈ ಕೆಲಸ ಬಿಡು ಅಂದ್ರ ಬಿಡ್ತಿಯೇನು?"

ಕಾಶಪ್ಪ ಮರುದಿನದ ಕೆಲಸಕ್ಕೆ ಚೀಲ ಹೊಂದಿಸತೊಡಗಿದರು. ಅವರಿಗೆ ಬೇರೆ ಕೆಲಸ ಬರುವುದಿಲ್ಲ.

ಕರಡಿಗೆ ಈಗ ದೇವರ ಜಗಲಿಯ ಮೇಲಿದೆ. ಅಡಿಗೆಯ ಹೊತ್ತಿಗೆ ಸಿದ್ದಲಿಂಗವ್ವ ದಿನಾಲೂ ಫೋನು ಮಾಡುತ್ತಾರೆ. "ಮೇನ್ ಇಳಿಸೀಯೇನು? ಕೀಲಿಕೈ ಯಾರ ಕಡೆ ಐತಿ?"

"ನನ್ನ ಕಿಸೇದಾಗ ಐತಿ, ಯವ್ವಾ."

ಒಮ್ಮೊಮ್ಮೆ ಕಾಶಪ್ಪ ಫೋನು ಎತ್ತುವುದಿಲ್ಲ. ಕೈ ಕೆಲಸದಲ್ಲಿರುತ್ತದೆ. ಆಗ ಸಿದ್ದಲಿಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಂಚು ಇಳಿಸಿ, ಫೋನನ್ನು ಉಡಿಯಲ್ಲಿಟ್ಟುಕೊಂಡು ಕೂಡುತ್ತಾರೆ.